ಒಗೆಯಲು ಹಾಕಿದ್ದ ಸೀರೆ

ಟಕ್, ಟಕ್, ಟಕ್. ಒಣಗಿದ ಕಾಯಿಯ ಕರಟಕ್ಕೆ ಕತ್ತಿಯ ಹಿಂಬದಿಯಿಂದ ಬೀಳುವ ಏಟು. ತಿಪಟೂರಿನ ನಮ್ಮ ಮನೆಯ ಹಿತ್ತಲಲ್ಲಿ ಬೆಳಿಗ್ಗೆ ಎಂಟಕ್ಕೆ ಶುರುವಾದರೆ ಸಂಜೆಯವರೆಗೂ ಅದೇ ಸದ್ದು. ವರ್ಷದ ಹತ್ತಿರ ಅಟ್ಟದ ಮೇಲೆ ಒಣಗಿದ ಕಾಯನ್ನು ಇಳಿಸಿದ ಮೇಲೆ, ನೆಲಕ್ಕೆ ನೆಟ್ಟ ಹಾರೆಗೆ ಚುಚ್ಚಿ ಸಿಪ್ಪೆ ಸುಲಿಯುವುದು ಗಂಡಸರ ಕೆಲಸ. ಸಾಲಾಗಿ ಕೂತು ಕರಟ ಒಡೆದು, ಒಳಗಿನ ಕೊಬ್ಬರಿಯನ್ನು ಇಡೀ ಉಂಡೆಯಾಗಿ ಬಿಡಿಸುವುದು ಹೆಂಗಸರದು. ಎಂಟು ಜನರ ಸದ್ದಿನಲ್ಲಿ ಒಬ್ಬಳದು ಮಾತ್ರ ಬೇರೆ. ಮೂರೇ ಏಟು, ಆಮೇಲೆ ಕರಟ ಕಳಚಿ ಬಿದ್ದ ಸದ್ದು. ಅವಳು ಬಂದಿದ್ದಾಳೆಂದು ಅಡುಗೆಮನೆಯಲ್ಲಿ ನಿಂತೇ ನನಗೆ ಗೊತ್ತಾಗುತ್ತಿತ್ತು.

ಅವಳು ಎಂದು ಇವತ್ತು ಬರೆಯುತ್ತಿದ್ದೇನೆ. ತೊಂಬತ್ತೇಳೋ ತೊಂಬತ್ತೆಂಟೋ, ಆಗ ನಾನೂ ಎಲ್ಲರ ಹಾಗೆ ‘ಅವನು’ ಎಂದೇ ಅನ್ನುತ್ತಿದ್ದೆ. ನೊಣವಿನಕೆರೆ ಕಡೆಯ ಒಂದು ಮನೆಯಲ್ಲಿ ಗಂಡುಮಗನಾಗಿ ಹುಟ್ಟಿ, ಇಪ್ಪತ್ತು ದಾಟಿದ ಮೇಲೆ ತಾನು ಹೆಣ್ಣು ಎಂದು ಬಾಯಿಬಿಟ್ಟು ಹೇಳಿ, ಅಪ್ಪನಿಂದ ಹೊರಗೆ ದಬ್ಬಿಸಿಕೊಂಡು ಬಂದವಳು. ಹಾರೆಯ ಹತ್ತಿರ ಹೋಗು ಎಂದರೆ ಹೋಗಲಿಲ್ಲ, ಹೆಂಗಸರ ಸಾಲಿನ ಕೊನೆಗೆ ಬಂದು ಕೂತಳು. ಕೊಬ್ಬರಿಗೆ ಒಂದು ಕಚ್ಚೂ ಬೀಳದ ಹಾಗೆ ಬಿಡಿಸುತ್ತಿದ್ದಳು, ಹಾಗಾಗಿ ಯಾರೂ ಎಬ್ಬಿಸಲಿಲ್ಲ. ಅದನ್ನು ನಾನು ನನ್ನ ಬ್ರಾಡ್‌ಮೈಂಡೆಡ್‌ನೆಸ್ ಎಂದುಕೊಂಡು ಒಳಗೊಳಗೇ ಬೀಗುತ್ತಿದ್ದೆ. ಕಾನ್ವೆಂಟಿನಲ್ಲಿ ಮೂರು ವರ್ಷ ಮಾರಲ್ ಸೈನ್ಸಿಗೆ ಫಸ್ಟ್ ಪ್ರೈಜ್ ತೆಗೆದುಕೊಂಡವಳಲ್ಲವೇ ನಾನು.

ಕಾಫಿ ಕೊಡಲು ಹೋದಾಗಲೆಲ್ಲ ಅವಳು ನನ್ನ ಸೆರಗಿನ ಅಂಚನ್ನೇ ನೋಡುತ್ತಿದ್ದಳು. ಒಂದು ದಿನ ಬೀರು ತೆಗೆದು, ನಾನು ಉಡದೆ ಬಿಟ್ಟಿದ್ದ ನೇರಳೆ ಬಣ್ಣದ ಸೀರೆಯೊಂದನ್ನು ಪೇಪರಿನಲ್ಲಿ ಸುತ್ತಿ ಕೊಟ್ಟೆ. ಅವಳು ಎರಡೂ ಕೈಯಲ್ಲಿ ಇಸಿದುಕೊಂಡು ಹೋದಳು. ಗೌರಿ ಹಬ್ಬಕ್ಕೆ ನಮ್ಮತ್ತೆ ಮೂವರು ಸೊಸೆಯರಿಗೂ ಒಂದೇ ಬಣ್ಣದ, ಒಂದೇ ಅಂಚಿನ ಸೀರೆ ತರುವ ಪದ್ಧತಿಯಿತ್ತು. ಈ ಸೀರೆಯೂ ಆ ಮೂರರಲ್ಲಿ ಒಂದು. ಕೊಡುವಾಗ ಅದು ನನ್ನ ತಲೆಗೇ ಹೋಗಲಿಲ್ಲ.

ಮುಂದಿನ ಸೋಮವಾರ ಅದನ್ನುಟ್ಟು ಕೆಲಸಕ್ಕೆ ಬಂದಳು. ಹೆಂಗಸರು ಬಿಟ್ಟಾರೆಯೇ?

“ಏನವ್ವಾ, ಮದ್ವೆ ಹೆಣ್ಣಂಗೆ ಬಂದಿದ್ದೀಯ?” ಎಂದಳು ಸಾಲಿನ ಹಿರಿಯಳು.

“ಗಂಡು ನೋಡಕ್ಕೆ ಬತ್ತಾವ್ರೆ ಕಣಕ್ಕ. ನಿನ್ ಪಾಲ್ನೂ ಬೇಗ ಒಡ್ದು ಮುಗ್ಸು, ಕಾಫಿ ನೀನೇ ಕೊಡ್ಬೇಕು.”

ಅವರ ನಗು ನನಗೂ ಕೇಳಿಸಿ ನಾನೂ ನಕ್ಕೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಕತ್ತಿಗಳ ಸದ್ದು ಒಟ್ಟಿಗೇ ನಿಂತಿತು.

ಹಿತ್ತಲ ಬಾಗಿಲಿಗೆ ಹೋದರೆ ನನ್ನ ಮೈದುನ ನಿಂತಿದ್ದರು. ಕೊಬ್ಬರಿ ಕೆಲಸವೆಲ್ಲ ಅವರ ಉಸ್ತುವಾರಿ. ಹಿಂದಿನ ದಿನವಷ್ಟೇ ಅವರ ಹೆಂಡತಿ ಅಂಥದೇ ತನ್ನ ಸೀರೆ ಉಟ್ಟು ಯಾರದೋ ಗೃಹಪ್ರವೇಶಕ್ಕೆ ಹೋಗಿಬಂದಿದ್ದಳು. ಮೈದುನನ ಮುಖ ಕೆಂಪಗಾಗಿತ್ತು, ಆದರೆ ನನ್ನ ಹತ್ತಿರ ಯಾವಾಗಿನ ಮರ್ಯಾದೆಯಲ್ಲೇ ಕೇಳಿದರು.

“ಅತ್ತಿಗೆ, ನಮ್ಮನೆ ಸೀರೆ ಇವನಿಗೆ ನೀವು ಕೊಟ್ರಾ? ನೀವೇ ಕೊಟ್ಟಿದ್ದು ಅಂತಾನೆ.”

ಸುಲಿಯುವವರು ಹಾರೆ ಬಿಟ್ಟು ನೋಡುತ್ತಿದ್ದರು. ನನ್ನ ಬೆನ್ನ ಹಿಂದೆ ಅತ್ತೆ ಬಂದು ನಿಂತಿದ್ದು ಗೊತ್ತಾಯಿತು. ಅವಳು ಮಾತ್ರ ಹೆದರಿರಲಿಲ್ಲ. ನನ್ನನ್ನು ನೋಡಿ ಸಣ್ಣಗೆ ನಕ್ಕಳು, ಸದ್ಯ ಬಂದಿರಲ್ಲ ಎನ್ನುವ ಹಾಗೆ.

“ಒಗೆಯಕ್ಕೆ ಹಾಕಿದ್ದೆ,” ಎಂದೆ.

ಅಷ್ಟೇ ಹೇಳಿದ್ದು. ಕೊಟ್ಟೆ ಎನ್ನಲಿಲ್ಲ, ಕದ್ದಳು ಎಂದೂ ಅನ್ನಲಿಲ್ಲ. ಟೆಕ್ನಿಕಲಿ ನಾನು ಯಾರ ಮೇಲೂ ತಪ್ಪು ಹೊರಿಸಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಮೈದುನನಿಗೆ ಅಷ್ಟು ಸಾಕಾಗಿತ್ತು. ಅವರೂ ಇಬ್ಬರು ಸುಲಿಯುವವರೂ ಸೇರಿ ಅವಳನ್ನು ಸಿಪ್ಪೆ ರಾಶಿಯ ಹಿಂದಕ್ಕೆ ಎಳೆದುಕೊಂಡು ಹೋದರು. “ಅಮ್ಮೋರೇ, ಯೋಳಿ ಅಮ್ಮೋರೇ” ಎನ್ನುವ ಕೂಗು ಅಡುಗೆಮನೆಯವರೆಗೂ ಬಂತು. ನಾನು ಮಿಕ್ಸಿ ಹಾಕಿದೆ. ಅದರೊಳಗೆ ಏನಿತ್ತೋ ನೆನಪಿಲ್ಲ.

ಮೂರು ಗಂಟೆಯ ಹೊತ್ತಿಗೆ ಹಿರಿಯ ಹೆಂಗಸು ಬಂದು, ಕೈ ಮುರಿದಿದೆ, ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಅವಳು ಪೊಲೀಸರಿಗೆ ಹೇಳುತ್ತೇನೆ ಎನ್ನುತ್ತಿದ್ದಾಳೆ ಎಂದಳು. ನಮ್ಮೆಜಮಾನರಿಗೆ ಮೊದಲ ಬಾರಿ ಗಾಬರಿಯಾಯಿತು. ಡಾಕ್ಟರು ಹೊಡೆತದ ಗಾಯವೆಂದು ಬರೆದರೆ ಕೇಸಾಗುತ್ತದೆ, ತಮ್ಮನೇ ಸ್ಟೇಷನ್ ಮೆಟ್ಟಿಲು ಹತ್ತಬೇಕಾಗುತ್ತದೆ. ನೀನೇ ಹೋಗು, ನಿನ್ನ ಇಂಗ್ಲಿಷಿಗೆ ಮರ್ಯಾದೆ ಕೊಡುತ್ತಾರೆ ಎಂದರು. ಅಟ್ಟದಿಂದ ಕಾಯಿ ಇಳಿಸುವಾಗ ಬಿದ್ದ ಅಂತ ಹೇಳು ಎಂದರು. ನಮ್ಮ ಕಡೆ ಅಟ್ಟದಿಂದ ಬಿದ್ದವರು ಪ್ರತಿ ವರ್ಷ ಇದ್ದೇ ಇರುತ್ತಾರೆ, ಯಾರೂ ಎರಡನೇ ಮಾತು ಕೇಳುವುದಿಲ್ಲ.

ಆದರೆ ಆ ಚಿಕ್ಕ ವಯಸ್ಸಿನ ಡಾಕ್ಟರು ಕೇಳಿದರು. ನಾನು ಇಂಗ್ಲಿಷಿನಲ್ಲಿ, ಹಿ ಫೆಲ್ ಫ್ರಮ್ ದಿ ಆಟಿಕ್ ಎಂದು ಮುಗಿಸುವವರೆಗೂ ಸುಮ್ಮನಿದ್ದು, ಅವಳ ತಲೆಯ ಕಡೆ ನೋಡಿದರು. ಉದ್ದ ಜಡೆಯನ್ನು ಕುಡುಗೋಲಿನಲ್ಲಿ ಎಲ್ಲೆಂದರಲ್ಲಿ ಕೊಯ್ದಿದ್ದರು.

“ಅಟ್ಟದಿಂದ ಬಿದ್ರೆ ಕೂದ್ಲೂ ಹಿಂಗೆ ಹೋಗುತ್ತಾ ಮೇಡಂ?”

ಹೇನು ಎಂದೆ. ದೇವರೇ, ಆ ಪದ ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂತು. ಡಾಕ್ಟರು ನನ್ನನ್ನು ಬಿಟ್ಟು ಅವಳ ಕಡೆ ತಿರುಗಿ, ನೀನು ಹೇಳು, ನೀನು ಹೇಳಿದ್ದನ್ನೇ ಬರೆಯುತ್ತೇನೆ ಎಂದರು. ಅವಳು ನನ್ನ ಮುಖವನ್ನೇ ನೋಡುತ್ತಾ ಕೂತಳು. ನಾನೇ ತಿದ್ದಿ ಹೇಳಲಿ ಎಂದು ಕಾದಳು. ನಾನು ಗೋಡೆಯ ಮೇಲಿದ್ದ ಪೋಲಿಯೋ ಪೋಸ್ಟರ್ ಓದುತ್ತಿದ್ದೆ.

“ಅಮ್ಮೋರು ಯೋಳ್ದಂಗೇ ಬರ್ಕಳಿ ಸಾರ್,” ಎಂದಳು.

ಕೇಸಾಗಲಿಲ್ಲ. ನಮ್ಮ ಹಿತ್ತಲಲ್ಲಿ ಕಳ್ಳಿ ಎನಿಸಿಕೊಂಡವಳನ್ನು ತಿಪಟೂರಿನಲ್ಲಿ ಯಾರೂ ಕೊಬ್ಬರಿ ಕೆಲಸಕ್ಕೆ ಕರೆಯಲಿಲ್ಲ. ಪ್ಲಾಸ್ಟರ್ ಬಿಚ್ಚುವ ಮುಂಚೆಯೇ ಊರು ಬಿಟ್ಟಳಂತೆ. ಮೈದುನ ಯಾವಾಗಿನಂತೆ ದಿನವೂ ನಮ್ಮ ಹಜಾರದಲ್ಲಿ ಕೂತು ಪೇಪರ್ ಓದುತ್ತಿದ್ದರು, ನಾನು ಕಾಫಿ ಕೊಡುತ್ತಿದ್ದೆ.

ಏಳೆಂಟು ವರ್ಷ ಕಳೆದಿರಬೇಕು. ದಬ್ಬೇಘಟ್ಟದಲ್ಲಿ ನೆಂಟರ ಮದುವೆ. ಹೊಸ ಸೀರೆಯ ಬ್ಲೌಸ್ ಬಿಗಿಯಾಯಿತೆಂದು ಕಾರು ಮಾಡಿಕೊಂಡು ತುರುವೇಕೆರೆಯ ಟೈಲರ್ ಅಂಗಡಿಗೆ ಹೋದೆ. ಅಂಗಡಿಯ ಸಾಬರು ಹೆಂಗಸರ ಅಳತೆ ತಾವು ತೆಗೆಯುವುದಿಲ್ಲವೆಂದು ಪರದೆಯ ಹಿಂದಿನವರನ್ನು ಕರೆದರು. ಕೊರಳಲ್ಲಿ ಟೇಪು ಹಾಕಿಕೊಂಡು ಅವಳು ಬಂದಳು. ಕೂದಲು ಸೊಂಟದವರೆಗೆ ಬೆಳೆದಿತ್ತು. ಎಡಗೈ ಮೊಣಕೈಯಲ್ಲಿ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ.

ಗುರುತು ಸಿಕ್ಕಿತೆಂದು ಇಬ್ಬರಿಗೂ ಗೊತ್ತಾಯಿತು. “ಕೈ ಎತ್ತಿ ಮೇಡಂ,” ಎಂದಳು. ಎತ್ತಿದೆ. ಅವಳ ಉಸಿರು ನನ್ನ ಹೆಗಲಿಗೆ ತಾಗುವಷ್ಟು ಹತ್ತಿರದಲ್ಲಿ ನಿಂತು ಎದೆಯ ಸುತ್ತಳತೆ ತೆಗೆದುಕೊಂಡಳು. ನನಗೆ ತಡೆಯಲಾಗಲಿಲ್ಲ.

“ಆ ಸೀರೆ ನಾನೇ ಕೊಟ್ಟಿದ್ದು ಅಂತ ಹೇಳ್ಬೇಕಿತ್ತು ಕಣೇ.”

ಅವಳು ಟೇಪು ಸಡಿಲಿಸಿ ಸಾಬರಿಗೆ ಅಳತೆ ಕೂಗಿ ಹೇಳಿದಳು. ಆಮೇಲೆ ತಗ್ಗಿದ ದನಿಯಲ್ಲಿ ಅಂದಳು:

“ನಂಗೆ ಯೋಳಿ ಏನ್ ಬಂತು ಮೇಡಂ, ನಂಗೆ ಗೊತ್ತೇ ಇತ್ತಲ್ಲ. ಗೊತ್ತಿಲ್ದೋರಿಗೆ ಯೋಳಿ.”

ಮೈದುನ ಆಗಿನ್ನೂ ಬದುಕಿದ್ದರು. ಅದೇ ಮದುವೆಮನೆಯಲ್ಲಿ ಚಪ್ಪರದ ಕೆಳಗೆ ಕೂತಿದ್ದರು. ನಾನು ಆಯಿತೆಂದು ತಲೆಯಾಡಿಸಿದೆ. ಸಂಜೆ ಐದಕ್ಕೆ ಬನ್ನಿ, ಬ್ಲೌಸ್ ರೆಡಿ ಇರುತ್ತೆ ಎಂದಳು. ಐದಕ್ಕೆ ಡ್ರೈವರನ್ನು ಕಳಿಸಿದೆ.