ಇವರು ಕುಡಿಯೋದಿಲ್ಲ ಕಣ್ರೀ

ಬಾಳೆಲೆ ಎಂಬ ಊರಿನಲ್ಲಿ ಇವರ ಗೆಳೆಯನ ಮಗಳ ಮದುವೆ. ಊಟ ಮುಗಿಸಿ ಕೈ ತೊಳೆದು ಬರುವಾಗ ನಮ್ಮ ಯಜಮಾನರ ಬಲಗಾಲು ಎಳೆಯತೊಡಗಿತಂತೆ. ನಾನು ನೋಡಲಿಲ್ಲ. ಹೆಂಗಸರ ನಡುವೆ ಕೂತು ಮದುಮಗಳ ಒಡವೆ ನೋಡುತ್ತಿದ್ದೆ.

ಹುಡುಕಿಕೊಂಡು ಹೋದಾಗ ಮಂಟಪದ ಪಕ್ಕ ಹಲಸಿನ ಮರದ ನೆರಳಿನಲ್ಲಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ವಾಲಿಕೊಂಡಿದ್ದರು. ಯಾರೋ ಪುಣ್ಯಾತ್ಮರು ತಲೆಗೆ ಟವೆಲ್ ಮಡಚಿ ಒತ್ತುಕೊಟ್ಟಿದ್ದರು. ಸ್ವಲ್ಪ ದೂರದಲ್ಲಿ ಗಂಡಸರು ಗ್ಲಾಸು ಹಿಡಿದು ಹರಟುತ್ತಿದ್ದರು. ಒಬ್ಬರೂ ಈ ಕಡೆ ತಿರುಗುತ್ತಿರಲಿಲ್ಲ.

"ರೀ" ಎಂದೆ. ಏನೋ ತೊದಲಿದರು. ಬಾಯಿ ಒಂದು ಕಡೆಗೆ ಜಾರಿತ್ತು.

ಆ ಗಂಡಸರ ಕಡೆಗೆ ತಿರುಗಿ ಕೂಗಿದೆ.

"ಯಾರಾದ್ರೂ ಬನ್ನಿ, ಆಸ್ಪತ್ರೆಗೆ ಹೋಗ್ಬೇಕು!"

ಒಬ್ಬರು ಮಾತ್ರ ಮೆಲ್ಲಗೆ ಬಂದರು. "ಏನಿಲ್ಲ ಅಕ್ಕಾ, ಸ್ವಲ್ಪ ಜಾಸ್ತಿ ಆಗಿದೆ ಅಷ್ಟೆ. ಮಲಗ್ಲಿ. ನಾವು ಯಾರಿಗೂ ಹೇಳೋದಿಲ್ಲ."

"ಇವರು ಕುಡಿಯೋದಿಲ್ಲ ಕಣ್ರೀ!"

ಅವರು ನಕ್ಕರು. ಕೆಟ್ಟ ನಗೆಯಲ್ಲ. ಎಲ್ಲ ಹೆಂಡತಿಯರೂ ಹೀಗೇ ಹೇಳುತ್ತಾರೆ ಎಂಬ ನಗೆ.

ಮದುವೆಯಲ್ಲಿ ಯಾರಿಗಾದರೂ ಹೆಚ್ಚಾದರೆ ಸದ್ದಿಲ್ಲದೆ ನೆರಳಿಗೆ ಕೂರಿಸಿ, ಆ ಕಡೆ ನೋಡದೆ ಇದ್ದು, ಮರುದಿನ ಅದರ ಮಾತೇ ಎತ್ತದಿರುವುದು ಅಲ್ಲಿನವರ ದೊಡ್ಡ ಮರ್ಯಾದೆ. ಗುರುತಿಲ್ಲದ ಮನುಷ್ಯನಿಗೂ ಅದೇ ಮರ್ಯಾದೆ ಕೊಟ್ಟಿದ್ದರು. ನಾವು ಸೋಮವಾರಪೇಟೆ ಕಡೆಯ ಲಿಂಗಾಯತರು. ನಮ್ಮವರಂತೂ ಕೆಮ್ಮಿನ ಸಿರಪ್‌ಗೂ ಮುಖ ಹಿಂಡುವ ಪ್ರಾಣಿ. ಅದು ಅವರಿಗೆ ಹೇಗೆ ಗೊತ್ತಾಗಬೇಕು? ಆದರೆ ಆಗ ಇದೆಲ್ಲ ನನಗೆ ಹೊಳೆಯಲಿಲ್ಲ. ಸಿಟ್ಟು ಬಂತು, ಅಳು ಬಂತು, ಎರಡೂ ಒಟ್ಟಿಗೆ ಬಂತು.

ನನ್ನ ಕೂಗು ಕೇಳಿ ಮದುಮಗಳ ಸೋದರತ್ತೆ ಬೋಜಮ್ಮ ಬಂದರು. ಇವರ ಬಾಯಿಯ ಹತ್ತಿರ ಬಗ್ಗಿ ಮೂಸಿದರು. ಎರಡೂ ಕೈ ಎತ್ತಲು ಹೇಳಿದರು. ಒಂದೇ ಎದ್ದಿತು.

"ಇದು ಕುಡಿದದ್ದಲ್ಲ. ಎತ್ತಿ ಎಲ್ಲರೂ!"

ಗ್ಲಾಸು ಬಿಟ್ಟು ಓಡಿಬಂದರು. ಕುರ್ಚಿಸಮೇತ ಇವರನ್ನು ಜೀಪಿನವರೆಗೆ ಹೊತ್ತರು. ಓಡಿಸುವ ಸ್ಥಿತಿಯಲ್ಲಿ ಮಾತ್ರ ಒಬ್ಬರೂ ಇರಲಿಲ್ಲ, ಅದನ್ನು ಅವರೇ ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಬೋಜಮ್ಮ ರೇಷ್ಮೆ ಸೀರೆಯಲ್ಲೇ ಸ್ಟಿಯರಿಂಗ್ ಹಿಡಿದು, "ಹತ್ತು ತಂಗಿ, ಅಳೋದಕ್ಕೆ ಆಮೇಲೆ ಟೈಮಿದೆ" ಎಂದರು.

ಗೋಣಿಕೊಪ್ಪದಲ್ಲಿ ಬಿಪಿ ನೋಡಿ ಮೈಸೂರಿಗೆ ಕಳಿಸಿದರು. ಅಲ್ಲಿ ಸಿ.ಟಿ. ಸ್ಕ್ಯಾನ್. ಸ್ಟ್ರೋಕ್.

"ಇನ್ನೂ ಸ್ವಲ್ಪ ತಡ ಆಗಿದ್ರೆ ಹೆಪ್ಪುಗಟ್ಟಿದ ರಕ್ತ ಕರಗಿಸೋ ಈ ಇಂಜೆಕ್ಷನ್ ಕೊಡೋಕಾಗ್ತಿರಲಿಲ್ಲ" ಎಂದರು ಡಾಕ್ಟರ್. ನಾನು ಬೋಜಮ್ಮನ ಕೈ ಹಿಡಿದುಕೊಂಡೆ. ಬಿಡಲೇ ಇಲ್ಲ.

ಈಗ ಮನೆಯಲ್ಲಿ ಹೊಸ ದಿನಚರಿ. ಫಿಸಿಯೋಥೆರಪಿ, ಮಾತ್ರೆ, ಉಪ್ಪು ಕಡಿಮೆ ಸಾರು. ಅಂಗಿಯ ಗುಂಡಿ ನಾನು ಹಾಕಿದರೆ ಕೋಪ, ಹಾಕದಿದ್ದರೂ ಕೋಪ. ಮಾತು ನಿಧಾನವಾಗಿ ಬರುತ್ತಿದೆ. ಮೂವತ್ತು ವರ್ಷದಲ್ಲಿ ಮೊದಲ ಸಲ ನನ್ನ ಮಾತಿಗೆ ಅಡ್ಡ ಬಾಯಿ ಹಾಕದೆ ಪೂರ್ತಿ ಕೇಳುತ್ತಿದ್ದಾರೆ, ಪಾಪ. ಆದರೂ ಆ ಅಡ್ಡ ಬಾಯಿ ಬೇಗ ವಾಪಸ್ ಬರಲಿ ಎಂದೇ ನನ್ನ ಆಸೆ.

ಮೊನ್ನೆ ಚೆಕಪ್ ಮುಗಿಸಿ ಸೋಮವಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ಇಳಿದೆವು. ಒಬ್ಬ ಕಟ್ಟೆಯ ಕೆಳಗೆ ಬಿದ್ದಿದ್ದ. ಜನ ಸುತ್ತಿ ಬಳಸಿ ಹೋಗುತ್ತಿದ್ದರು. ಇವರು ಕೋಲೂರಿಕೊಂಡು ಅವನ ಕಡೆಗೇ ಹೊರಟರು. ಹತ್ತಿರ ಹೋಗುವ ಮೊದಲೇ ವಾಸನೆ ಹೊಡೆಯಿತು.

"ಬನ್ರೀ, ಅವನು ಕುಡಿದಿದ್ದಾನೆ" ಎಂದೆ.

ಇವರು ಕಟ್ಟೆಯ ಮೇಲೆ ಕೂತರು. ಒಂದೊಂದೇ ಪದ ಹುಡುಕಿ ಜೋಡಿಸಿದರು.

"ಕುಡಿದವನಿಗೆ... ಸ್ಟ್ರೋಕ್... ಆಗಲ್ವೇನೇ?"

ನಾನು ಬಗ್ಗಿ ಅವನ ಹೆಗಲು ಅಲುಗಿಸಿದೆ. "ಅಣ್ಣಾ, ಎರಡೂ ಕೈ ಎತ್ತಿ ನೋಡೋಣ" ಎಂದೆ.