ಊರಿನ ಪೆಟ್ಟಿಗೆ ಮೇಲಕ್ಕೆ

ನಿಮ್ಮಮ್ಮ ಟೀವಿಯ ಮೇಲೆ ರಂಗೋಲಿ ಹಾಕುತ್ತಾಳೆ ಎಂದು ನಾನು ಎಷ್ಟೋ ದಿನ ನಂಬಿದ್ದೆ. ನಗಬೇಡಿ ಮಕ್ಕಳೇ. ನೀವಿನ್ನೂ ಹುಟ್ಟಿರಲಿಲ್ಲ, ಹಿರಿಯೂರಿನ ನಮ್ಮ ನಡುಮನೆಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ನನ್ನ ಕಣ್ಣಿಗೆ ಅದೂ ಟೀವಿಯೇ. ಅದರಲ್ಲಿ ಬೂದು ಬಣ್ಣದ ಒಂದು ಚೌಕ, ಚೌಕದ ತುಂಬ ಸಾಲು ಹಿಡಿದ ಚುಕ್ಕಿ. ಚುಕ್ಕಿ ಇಟ್ಟವಳು ಗೆರೆ ಎಳೆಯಲೇಬೇಕಲ್ಲ ಎಂದು ಅಡುಗೆಮನೆ ಬಾಗಿಲಲ್ಲಿ ನಿಂತು ಕಾಯುತ್ತಿದ್ದೆ. ಅವಳು ಗೆರೆ ಎಳೆಯುತ್ತಲೇ ಇರಲಿಲ್ಲ. ಒಂದು ಬಿಳಿ ಪೆಟ್ಟಿಗೆಯನ್ನು ತಂದಿಡುವಳು, ಪಕ್ಕಕ್ಕೆ ಸರಿಸುವಳು, ಕತ್ತು ಓರೆ ಮಾಡಿ ನೋಡುವಳು, ಮತ್ತೆ ಸರಿಸುವಳು. ಹೊಸ ಸೊಸೆ, ಕೇಳಲು ನನಗೆ ಸಂಕೋಚ. ಅತ್ತೆಯಾದವಳು ಸೊಸೆಗೆ ಹೆದರುವುದುಂಟೇ ಎನ್ನಬೇಡಿ. ನಾನು ಹಾಲು ಹಾಕುವವನಿಗೂ ಹೆದರುತ್ತಿದ್ದೆ.

ಕೊನೆಗೆ ಅವಳೇ ಕರೆದು ತೋರಿಸಿದಳು. "ಈ ಬಿಳಿ ಪೆಟ್ಟಿಗೇಲಿ ಬರಿಯೋದು ಅತ್ತೆ. ಈ ಉಬ್ಬಿರೋ ಗುಂಡಿ ಒತ್ತಿದ್ರೆ ಚೀಟಿ ಬರ್ತೈತೆ. ಯಾವ್ದು ಎಲ್ಲಿದ್ರೆ ಚೆಂದ ಅಂತ ಜೋಡಿಸೋದೇ ಈಗಿನ ಕೆಲ್ಸ."

ಅಷ್ಟು ನನಗೂ ತಿಳಿಯಿತು. ಎಲೆಯ ತುದಿಗೆ ಬಡಿಸುವ ಉಪ್ಪನ್ನು ನಡುವೆ ಬಡಿಸಿದರೆ ಊಟವೇನೂ ಕೆಡುವುದಿಲ್ಲ, ಆದರೆ ಉಣ್ಣುವ ಕೈ ಗಲಿಬಿಲಿಯಾಗುತ್ತದೆ.

ಅವಳು ಜೋಡಿಸುತ್ತಿದ್ದುದು ಪೇಟೆಯ ಡಾಕ್ಟರೊಬ್ಬರ ಶಾಪಿಗಾಗಿ, ಈಗ ನೀವು ಕ್ಲಿನಿಕ್ ಎನ್ನುತ್ತೀರಲ್ಲ, ಅದಕ್ಕೆ. ಅಲ್ಲಿ ರೋಗಿಗಳಿಗೆ ಚೀಟಿ ಬರೆದುಕೊಡುತ್ತಿದ್ದವರು ತಲೆ ನರೆತ ಕಾಂಪೌಂಡರ್ ತಿಪ್ಪಣ್ಣ. ಸೋಮವಾರದಿಂದ ಚೀಟಿಯೆಲ್ಲ ಕಂಪ್ಯೂಟರಿನಲ್ಲೇ, ತಿಪ್ಪಣ್ಣನ ಕೈಲಿ ಆಗದಿದ್ದರೆ ಟೈಪಿಂಗ್ ಕಲಿತ ಹುಡುಗಿಯೊಬ್ಬಳನ್ನು ಇಟ್ಟುಕೊಳ್ಳುತ್ತೇನೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಹಾಗಾಗಿ ಭಾನುವಾರ ತಿಪ್ಪಣ್ಣ ಅಭ್ಯಾಸಕ್ಕೆಂದು ನಮ್ಮ ಮನೆಗೆ ಬಂದರು.

"ಶೈಲಮ್ಮ, ಈ ಡಬ್ಬ ನನ್ನನ್ನ ಮನೆಗೆ ಕಳಿಸ್ದೆ ಬಿಡಾಕಿಲ್ಲ ಕಣವ್ವ" ಎಂದರು ನಿಮ್ಮಮ್ಮನಿಗೆ, ಕಂಪ್ಯೂಟರನ್ನು ಹಾಯುವ ಎಮ್ಮೆಯಂತೆ ನೋಡುತ್ತ.

"ಹಂಗೆಲ್ಲ ಅನ್ಬ್ಯಾಡ್ರಿ. ಅತ್ತೆ, ನೀವು ರೋಗಿ ಆಗ್ರಿ" ಎಂದಳು ನಿಮ್ಮಮ್ಮ. ನಾನು ಸೆರಗು ಎಳೆದುಕೊಂಡು ಕುಳಿತೆ. ನಟಿಸುವ ಕಷ್ಟವಿರಲಿಲ್ಲ, ಮಂಡಿನೋವು ಇದ್ದೇ ಇತ್ತು.

"ಯಾವೂರಮ್ಮ?" ಎಂದರು ತಿಪ್ಪಣ್ಣ, ನನ್ನನ್ನು ಕಂಡೇ ಇಲ್ಲದವರಂತೆ.

ತವರೂರನ್ನು ಹೇಳಿದೆ, "ಮಾಡದಕೆರೆ."

ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದರು. "ಯಾರ ಪೈಕಿ?"

"ಕೆರೆ ಹಿಂದ್ಲ ಮನೇರು."

ಅದನ್ನೂ ಒತ್ತಿದರು. ಕಂಪ್ಯೂಟರು ಕೀಂ ಎಂದಿತು. ನೋಡಿದರೆ ಹೆಸರಿನ ಪೆಟ್ಟಿಗೆಯಲ್ಲಿ ಮಾಡದಕೆರೆ, ವಯಸ್ಸಿನ ಪೆಟ್ಟಿಗೆಯಲ್ಲಿ ಕೆರೆ ಹಿಂದ್ಲ ಮನೆ. ಮನೆಯ ಪೆಟ್ಟಿಗೆ, ಊರಿನ ಪೆಟ್ಟಿಗೆ ಎರಡೂ ಎಲ್ಲಕ್ಕಿಂತ ಕೆಳಗೆ ಖಾಲಿ ಕುಳಿತಿದ್ದವು.

"ಮೊದ್ಲು ಹೆಸ್ರು ಕೇಳ್ರಿ ತಿಪ್ಪಣ್ಣ."

"ಹ್ಞೂಂ ಕಣವ್ವ" ಎಂದು ಕೆಮ್ಮಿ, ನನ್ನ ಕಡೆ ತಿರುಗಿ, "ಯಾವೂರಮ್ಮ?" ಎಂದರು. ಮತ್ತೆ ಮಾಡಿಸಿದರೂ ಅಷ್ಟೇ. ಬೆವರು ಒರೆಸಿಕೊಂಡು ಹೇಳಿದರು, "ಬಾಯಿ ತಾನೇ ಹಂಗೆ ಹೋಗ್ತೈತೆ. ಬಂದೋರನ್ನ ಮೊದ್ಲಿಗೇ ಹೆಸ್ರು ಕೇಳಾಕೆ ನಾನೇನು ಪೊಲೀಸ್ನೋನಾ?"

ನನಗೆ ಅವರ ಮಾತು ಸರಿಯೆನ್ನಿಸಿತು. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು ಊರು ಕೇಳುತ್ತಾರೆ, ಯಾರ ಮನೆಯೆಂದು ಕೇಳುತ್ತಾರೆ, ಮನೆದೇವರನ್ನೂ ಕೇಳುತ್ತಾರೆ; ಇಳಿಯುವ ಹೊತ್ತಿಗೆ ದೂರದ ನಂಟೂ ಸಿಕ್ಕಿರುತ್ತದೆ. ಹೆಸರು ಮಾತ್ರ ಯಾರಿಗೂ ಬೇಕಾಗಿರುವುದಿಲ್ಲ. ನಾನು ಮದುವೆಯಾಗಿ ಬಂದಾಗ ಅತ್ತೆಮನೆಯಲ್ಲಿ ನನ್ನನ್ನು ಕರೆಯುತ್ತಿದ್ದುದೇ "ಮಾಡದಕೆರೆಯೋಳು" ಎಂದು. ನನಗೊಂದು ಹೆಸರಿದೆ ಎಂದು ನಿಮ್ಮ ತಾತ ಒಬ್ಬರೇ ನೆನಪಿಟ್ಟುಕೊಂಡಿದ್ದರು. ಅವರೂ ಯಾರೂ ಇಲ್ಲದಾಗಲೇ ಕರೆಯುತ್ತಿದ್ದುದು. ಹಾಗಿರುವಾಗ ತಿಪ್ಪಣ್ಣ ಬರೆದದ್ದು ಎಷ್ಟರ ಮಟ್ಟಿಗೆ ತಪ್ಪು?

ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗೆಲ್ಲಿತ್ತು. ಹೇಳಬೇಕಾಗಿಯೂ ಬರಲಿಲ್ಲ. ನಿಮ್ಮಮ್ಮನೇ "ನಿಮ್ಮ ಬಾಯಿ ತಿದ್ದೋದಕ್ಕಿಂತ ನನ್ನ ಪೆಟ್ಟಿಗೆ ಸರಿಸೋದು ಸಲೀಸು" ಎಂದು ಚುಕ್ಕಿಯ ಚೌಕವನ್ನು ತೆರೆದಳು. ಊರು ಮೇಲಕ್ಕೆ ಹೋಯಿತು. ಒಂದು ಸರಿದರೆ ಉಳಿದವೆಲ್ಲ ಬಸ್ಸಿನ ಸೀಟಿನವರಂತೆ ಜರುಗಿ ಜಾಗ ಕೊಡಬೇಕು. ಊರಿನ ಕೆಳಗೆ ಮನೆ, ಆಮೇಲೆ ಹೆಸರು, ವಯಸ್ಸು. ಸರಿಸಿದರಷ್ಟೇ ಸಾಲದಂತೆ; ಒಂದರಿಂದ ಇನ್ನೊಂದಕ್ಕೆ ಹಾರುವ ಕ್ರಮವನ್ನೂ ಹೇಳಿಕೊಡಬೇಕಂತೆ, ಇಲ್ಲದಿದ್ದರೆ ಊರು ಬರೆದವರು ನೇರ ಚೀಟಿಯ ಗುಂಡಿಗೆ ಹಾರಿಬಿಡುತ್ತಾರಂತೆ. ಅದನ್ನೂ ಹೇಳಿಕೊಟ್ಟಳು. ಈ ಸಲ ತಿಪ್ಪಣ್ಣ ತಡವರಿಸದೆ ನನ್ನ ಮಂಡಿನೋವಿನ ತನಕ ಬಂದರು.

ಸೋಮವಾರ ಮಂಡಿ ತೋರಿಸುವ ನೆವದಲ್ಲಿ ನಿಮ್ಮಮ್ಮನ ಜೊತೆ ನಾನೂ ಹೋದೆ. ಡಾಕ್ಟರು ಕೈ ಕಟ್ಟಿಕೊಂಡು ಮೇಜಿನ ಹಿಂದೆ ನಿಂತಿದ್ದರು. ಮೊದಲು ಬಂದವರು ಐಮಂಗಲದ ಮುದುಕರೊಬ್ಬರು. ತಿಪ್ಪಣ್ಣ ಊರು ಕೇಳಿದರು, ಆದರೆ ನಿಂತೇ ಇದ್ದರು. ಸೊಂಟ ಬಗ್ಗಿಸಿ ಒತ್ತಲು ಹೋದರೆ ಬೆರಳು ಪಕ್ಕದ ಅಕ್ಷರಕ್ಕೆ ಬಿತ್ತು. ಅಳಿಸಿದರು, ಮತ್ತೆ ತಪ್ಪಿತು. ನಿಮ್ಮಮ್ಮನ ಮುಖ ಬಿಳುಚಿಕೊಂಡಿತು. ಎಲ್ಲವನ್ನೂ ಅವಳು ಕೂತವರ ಕಣ್ಣಿಗೆ, ಕೂತವರ ಕೈಗೆ ಹೊಂದಿಸಿದ್ದಳು; ಇವರು ನಿಲ್ಲಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ಏನಪ್ಪ ತಿಪ್ಪಣ್ಣ, ನಿಂತ್ಕಂಡೇ ಯಾಕೆ ಹೊಡೀತೀಯ?" ಎಂದರು ಡಾಕ್ಟರು.

"ನೀವು ನಿಂತಿದೀರಲ್ಲ ಸಾರ್."

ಡಾಕ್ಟರಿಗೆ ಏನನ್ನಿಸಿತೋ. ಮೇಜಿನ ಕೆಳಗಿದ್ದ ಕುರ್ಚಿಯನ್ನು ತಾವೇ ಎಳೆದು, "ಕುಂತ್ಕಳ್ರಿ" ಎಂದರು. ತಿಪ್ಪಣ್ಣನಿಗೆ ಅವರು ಬಹುವಚನ ಹಚ್ಚಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ತಿಪ್ಪಣ್ಣ ಕುರ್ಚಿಯ ಅಂಚಿಗೆ ಕುಳಿತರು. "ಐಮಂಗಲದಾಗೆ ಯಾರ ಪೈಕಿ ಯಜಮಾನ್ರೆ?" ಎಂದರು, ಮುದುಕರು ಹೇಳುತ್ತ ಹೋದರು, ಇವರು ಒತ್ತುತ್ತ ಹೋದರು, ಚೀಟಿ ಹೊರಗೆ ಬಂತು. ಡಾಕ್ಟರು ಅದನ್ನು ಓದಿ, "ಟೈಪಿಂಗ್ ಹುಡುಗಿಗೆ ಬರೋದು ಬ್ಯಾಡ ಅಂತ ಹೇಳಿಬಿಡ್ತೀನಿ" ಎಂದು ಒಳಗೆ ಹೋದರು.

ಕಂಪ್ಯೂಟರಿನ ಪರದೆಯೊಳಗಿನದನ್ನೆಲ್ಲ ನಿಮ್ಮಮ್ಮ ಅದರದರ ಜಾಗದಲ್ಲಿಟ್ಟಿದ್ದಳು. ಕುರ್ಚಿ ಪರದೆಯ ಹೊರಗಿತ್ತು. ಅದನ್ನು ಡಾಕ್ಟರೇ ಎಳೆಯಬೇಕಾಗಿತ್ತು.