ಮುಕ್ಕು ಹೂವಿನ ಅಕ್ಕ

ಮೊನ್ನೆ ಮೊಮ್ಮಗಳು ಯಾವುದೋ ಮೇಳದಿಂದ ಒಂದು ಹಾಸು ತಂದು ನನ್ನ ಮಂಚದ ಮೇಲೆ ಹರವಿದಳು. ಬಿಳಿ ಬಟ್ಟೆ, ಅದರ ತುಂಬ ಕಪ್ಪು ಹೂವು, ಐದೆಸಳಿನದು. ಚೆನ್ನಾಗಿದೆ ಎನ್ನಲು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟೆ. ಹೂವಿನ ಬಲಗಡೆಯ ಎಸಳು ಅರ್ಧವೇ ಇತ್ತು. ಪಕ್ಕದ ಹೂವಿನಲ್ಲೂ ಅರ್ಧ. ಅದರ ಪಕ್ಕದ್ದರಲ್ಲೂ... ಕನ್ನಡಕ ಹಾಕಿಕೊಂಡು ಈ ಅಂಚಿನಿಂದ ಆ ಅಂಚಿನವರೆಗೆ ನೋಡಿದೆ. ಎಲ್ಲವೂ ಅದೇ ಜಾಗದಲ್ಲಿ ಮುಕ್ಕು. ಮೈಯೆಲ್ಲ ಉರಿದುಹೋಯಿತು. ಈ ವಯಸ್ಸಿನಲ್ಲಿ ಸಿಟ್ಟು ಒಳ್ಳೆಯದಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಹೇಳಲಿ. ಆ ಎಸಳನ್ನು ಮುರಿದದ್ದು ಯಾರು, ಯಾಕೆ ಎಂದು ಡಾಕ್ಟರಿಗೆ ಗೊತ್ತಿಲ್ಲ, ನನಗೆ ಗೊತ್ತು.

ಮುರಿದದ್ದು ನಮ್ಮ ಎದುರುಮನೆಯ ಅಕ್ಕ. ಕಡೂರಿನಲ್ಲಿ ಆಗ ಮರದ ಅಚ್ಚಿನಿಂದ ಬಟ್ಟೆಗೆ ಬಣ್ಣ ಒತ್ತುವವರದೇ ಒಂದು ಬೀದಿಯಿತ್ತು. ನಾನು ಅಜ್ಜಂಪುರದಿಂದ ಆ ಬೀದಿಗೆ ಸೊಸೆಯಾಗಿ ಬಂದದ್ದು ನಯಾಪೈಸೆ ಬಂದ ಹೊಸತರಲ್ಲಿ. ಪ್ರತಿ ಮನೆಯ ಹಿತ್ತಿಲಲ್ಲೂ ತುಕ್ಕು ಹಿಡಿದ ಕಬ್ಬಿಣದ ಚೂರು, ಬೆಲ್ಲ, ನೀರು ಹಾಕಿ ಕೊಳೆಸಿದ ಗುಡಾಣ. ಅದೇ ನಮ್ಮ ಕಪ್ಪು. ಅಳಲೆಕಾಯಿ ನೀರಿನಲ್ಲಿ ಅದ್ದಿ ಒಣಗಿಸಿದ ಬಟ್ಟೆಗೆ ಅದು ತಾಗಿದರೆ ಕಾರ್ಗಪ್ಪು. ಬಟ್ಟೆ ಹರಿದು ಚಿಂದಿಯಾದರೂ ಬಣ್ಣ ಬಿಡುತ್ತಿರಲಿಲ್ಲ. ಬಂದ ನೆಂಟರು ಆ ಹುಳಿ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೆ ಅದು ಇಲ್ಲದಿದ್ದರೆ ಊಟ ಸೇರುತ್ತಿರಲಿಲ್ಲ.

ಅಚ್ಚನ್ನು ಬಣ್ಣಕ್ಕೆ ತಾಗಿಸಿ, ಬಟ್ಟೆಯ ಮೇಲಿಟ್ಟು, ಮುಷ್ಟಿಯಿಂದ ಒಂದು ಗುದ್ದು. ಗುದ್ದುವಾಗ ಮಾತು ನಿಲ್ಲಿಸಬೇಕು, ಇಲ್ಲದಿದ್ದರೆ ಕೈ ಅಲುಗಿ ಒತ್ತು ತಪ್ಪುತ್ತದೆ. ಹಾಗಾಗಿ ನಮ್ಮ ಬೀದಿಯವರ ಮಾತೆಲ್ಲ ತುಂಡು ತುಂಡು. ಊಟಕ್ಕೆ ಕೂತರೂ ‘ಸಾರು... ಬಿಡು’, ‘ಸಾಕು... ಹೋಗು’. ಬೀರೂರಿನವರು ನಮ್ಮನ್ನು ಅಣಕಿಸಿ ನಗುತ್ತಿದ್ದರು. ಅಕ್ಕ ಒಬ್ಬಳು ಮಾತ್ರ ಮಾತು ನಿಲ್ಲಿಸದೆ ಒತ್ತುತ್ತಿದ್ದಳು. ಯಾರನ್ನಾದರೂ ಬೈಯುತ್ತಿದ್ದರಂತೂ ಗುದ್ದು ಇನ್ನೂ ಗಟ್ಟಿಯಾಗಿ ಬೀಳುತ್ತಿತ್ತು. ಒತ್ತು ಒಂದು ಕೂದಲೆಳೆ ತಪ್ಪಿದ್ದನ್ನು ನಾನು ಕಾಣೆ.

ನಮ್ಮವರಲ್ಲಿ ಒಂದು ಪದ್ಧತಿ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಡಿಲಿಗೆ ಅಕ್ಕಿ, ಕೊಬ್ಬರಿ, ಬೆಲ್ಲದ ಜೊತೆ ಒಂದು ಅಚ್ಚು ಹಾಕುತ್ತಿದ್ದರು. ಮಡಿಲಚ್ಚು ಅನ್ನುತ್ತಿದ್ದೆವು. ಅದು ಅವಳದು. ಗಂಡನಿರಲಿ, ಮಾವನಿರಲಿ, ಅದನ್ನು ಮುಟ್ಟುವ ಮುಂಚೆ ಅವಳನ್ನು ಕೇಳಬೇಕು. ಕೇಳಿದರೆ ಯಾರೂ ಇಲ್ಲ ಅನ್ನುತ್ತಿರಲಿಲ್ಲ, ಆದರೆ ಕೇಳಬೇಕು. ಮೈಮೇಲಿನ ಸೀರೆಯೂ ಗಂಡ ತಂದದ್ದು ಎಂದು ಲೆಕ್ಕವಾಗುವ ಕಾಲದಲ್ಲಿ ನಮ್ಮದು ಅಂತ ಇದ್ದದ್ದು ಅದೊಂದು ಅಂಗೈಯಗಲದ ಮರ. ನನ್ನದು ಮಾವಿನಕಾಯಿ. ಅಕ್ಕನದು ಐದೆಸಳಿನ ಹೂವು, ತರೀಕೆರೆಯಲ್ಲಿ ಅವಳಪ್ಪ ತನ್ನ ಕೈಯಾರೆ ಕೆತ್ತಿದ್ದು. ಅವರು ತೀರಿಕೊಂಡಿದ್ದರು.

ಅಕ್ಕನಿಗೊಬ್ಬ ಮೈದುನನಿದ್ದ. ಪಂಚೆಯಂಚಿಗೆ ಬಣ್ಣ ತಾಗದ ಹಾಗೆ ಕೆಲಸ ಮಾಡುವ ಜಾಣ. ಒಂದು ದಿನ ಅವಳು ಕೆರೆಯಲ್ಲಿ ಬಟ್ಟೆ ಜಾಲಿಸಿಕೊಂಡು ಬರುವಷ್ಟರಲ್ಲಿ ಅವಳ ಹೂವನ್ನು ಗೂಡಿನಿಂದ ತೆಗೆದು ಒತ್ತುತ್ತ ಕೂತಿದ್ದ. ಅಕ್ಕ ಒದ್ದೆ ಬಟ್ಟೆಯ ಹೊರೆ ಹೊತ್ತು ಬಾಗಿಲಲ್ಲೇ ನಿಂತಳು. ನಾನು ಅವಳ ಹಿಂದೆಯೇ ಇದ್ದೆ.

‘ಯಾರ್ನ ಕೇಳಿ ತಗಂಡ್ಯೋ?’

‘ಮನೇ ಅಚ್ಚಲ್ವಾ ಅತ್ಗೆ, ಕೇಳದೇನು?’

‘ಮನೇದಲ್ಲ ಕಣೋ, ನಂದು. ನನ್ನ ಕೇಳಿದ್ಯಾ?’

ಅವನು ನಕ್ಕು ಇನ್ನೊಂದು ಗುದ್ದು ಗುದ್ದಿದ. ಅಕ್ಕ ಹೊರೆ ಬಿಸಾಕಿ, ಅಚ್ಚು ಕಿತ್ತುಕೊಂಡು, ಅವನ ತಲೆಗೇ ಗುರಿಯಿಟ್ಟು ಎಸೆದಳು. ಅವನು ಬಗ್ಗಿದ. ಅಚ್ಚು ಹಿಂದಿದ್ದ ಒರಳುಕಲ್ಲಿಗೆ ಬಡಿದು ಅರ್ಧ ಎಸಳು ಹಾರಿಹೋಯಿತು. ಅಚ್ಚಿಗೆ ಕಾಲು ತಾಗಿದರೇ ಕಣ್ಣಿಗೊತ್ತಿಕೊಳ್ಳುವವರು ನಾವು. ಆಯುಧಪೂಜೆಗೆ ಅದಕ್ಕೇ ಮೊದಲ ಹೂವು. ಅಂಥದ್ದನ್ನು ಎಸೆದಿದ್ದಳು. ಎತ್ತಿ ಎದೆಗವುಚಿಕೊಂಡು ಅತ್ತಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅವಳ ಗಂಡ ಬಾಯಿಲ್ಲದ ಪ್ರಾಣಿ. ‘ಹೊಸದು ಕೆತ್ತಿಸೋಣ ಬಿಡು’ ಅಂದ.

‘ಬ್ಯಾಡ,’ ಅಂದಳು. ‘ಇದ್ರಲ್ಲೇ ಒತ್ತೀನಿ. ನನ್ ಸಿಟ್ಟು ಎಲ್ರಿಗೂ ಕಾಣ್ಲಿ.’

ಕಂಡಿತು. ಸಂತೆಗಳಲ್ಲಿ ಹೆಂಗಸರು ಮುಕ್ಕು ಹೂವಿನ ದುಪ್ಪಟಿಯೇ ಬೇಕೆಂದು ಕೇಳತೊಡಗಿದರು. ಯಗಟಿ ಕಡೆಯವರಂತೂ ಬಾಣಂತಿಯರಿಗೆ ಅದನ್ನೇ ಒಯ್ಯುತ್ತಿದ್ದರು. ಮುಕ್ಕಿದ್ದರೆ ಮಗುವಿಗೆ ದೃಷ್ಟಿ ತಾಗುವುದಿಲ್ಲವಂತೆ. ಅಕ್ಕ ಬಿದ್ದು ಬಿದ್ದು ನಗುತ್ತಿದ್ದಳು. ‘ನಮ್ ಮೈದ್ನನ ತಲೆಗೆ ಬೀಳ್ಬೇಕಿದ್ದಿದ್ದು ಕಣೇ, ಮಕ್ಕಳ್ನ ಕಾಯ್ತಾ ಐತೆ!’

ಆಮೇಲೆ ಒಂದು ಸಲ ಅಕ್ಕ ತಮ್ಮನ ಮಗುವಿನ ನಾಮಕರಣಕ್ಕೆ ತರೀಕೆರೆಗೆ ಹೋಗಿ ಕೆಲವು ದಿನ ಉಳಿದಳು. ಬೀರೂರಿನ ಜವಳಿ ಸಾಹುಕಾರನೊಬ್ಬ ಮೈದುನನಿಂದ ಹೂವಿನ ಅಚ್ಚು ಇಸ್ಕೊಂಡು ಹೋದದ್ದು ಆಗಲೇ. ನಮ್ಮ ಬೀದಿಗೆಲ್ಲ ಬಿಳಿ ಬಟ್ಟೆ ಬರುತ್ತಿದ್ದುದು ಅವನ ಅಂಗಡಿಯಿಂದ. ಅಕ್ಕ ಬರುವಷ್ಟರಲ್ಲಿ ಅಚ್ಚು ಮತ್ತೆ ಗೂಡಿನಲ್ಲಿತ್ತು. ಕೊಟ್ಟವನು ಬಾಯಿ ಬಿಡಲಿಲ್ಲ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುತ್ತಾರಲ್ಲ... ಇಲ್ಲಿ ಕೋಡಂಗಿಯಾದದ್ದು ಕೊಟ್ಟವನಲ್ಲ, ಕೊಡದೇ ಇದ್ದವಳು.

ಅದು ಗೊತ್ತಾದದ್ದು ಅಜ್ಜಂಪುರದ ಸಂತೆಯಲ್ಲಿ. ಮುಂಗಾರಿನ ಮೊದಲು ನಾವಿಬ್ಬರೂ ದುಪ್ಪಟಿ ಮಾರಲು ಹೋಗಿದ್ದೆವು. ನಮ್ಮ ಗಂಟಿನ ಹತ್ತಿರ ಯಾರೂ ಸುಳಿಯುತ್ತಿಲ್ಲ. ಆ ಕಡೆ ಸಾಹುಕಾರನ ಆಳು ಗಿರಣಿ ಬಟ್ಟೆ ರಾಶಿ ಹಾಕಿಕೊಂಡು ನಮ್ಮ ಬೆಲೆಯ ಅರ್ಧಕ್ಕೆ ಮಾರುತ್ತಿದ್ದ, ಹೆಂಗಸರೆಲ್ಲ ಅಲ್ಲಿ ಮುಗಿಬಿದ್ದಿದ್ದರು. ಅಕ್ಕ ನುಗ್ಗಿ ಒಂದನ್ನು ಎತ್ತಿ ನೋಡಿದಳು. ಅವಳ ಬೆರಳು ಒಂದು ಎಸಳಿನ ಮೇಲೆ ನಿಂತಿತು. ಇನ್ನೊಂದು ಹೂವು ಮುಟ್ಟಿದಳು, ಮತ್ತೊಂದು ಮುಟ್ಟಿದಳು.

‘ಅಯ್ಯೋ ಪಾಪಿಗಳಾ,’ ಅಂದಳು, ‘ಮುಕ್ಕನ್ನೂ ಬಿಡ್ಲಿಲ್ವಲ್ಲೇ...’

ಊರಿಗೆ ಬಂದವಳೇ ಪಂಚಾಯ್ತಿ ಸೇರಿಸಿದಳು. ಬೀದಿಗೆ ಯಜಮಾನರು ನಮ್ಮ ಮಾವನವರೇ. ಅಕ್ಕ ಗಿರಣಿಯ ಬಟ್ಟೆ, ತನ್ನ ಬಟ್ಟೆ, ಅಚ್ಚು, ಮೂರನ್ನೂ ಕಟ್ಟೆಯ ಮೇಲಿಟ್ಟಳು. ‘ಎಸಳಿಗೆ ಎಸಳು ಕೂರ್ಸಿ ನೋಡಿ. ನನ್ನ ಕೇಳ್ದೆ ಕೊಟ್ಟೋನು ಇಲ್ಲೇ ಅವ್ನೆ, ಕದ್ದೋನು ಬೀರೂರಲ್ಲವ್ನೆ,’ ಅಂದಳು. ಅವಳು ಹೆಸರು ಹೇಳುವ ಮುಂಚೆಯೇ ಮೈದುನ ಹೆಗಲು ಮುಟ್ಟಿ ನೋಡಿಕೊಂಡ, ‘ಒಂದ್ ವಾರಕ್ಕೆ ಅಂತ ಕೊಟ್ಟಿದ್ದೆ’ ಅಂದ. ಎಲ್ಲರೂ ಬಟ್ಟೆ ನೋಡಿದರು. ಎಲ್ಲರಿಗೂ ತಿಳಿಯಿತು. ಮಾವನವರು ಎಲೆಯಡಿಕೆ ಉಗುಳಿ ಬಂದು ಕೂತು ಕೇಳಿದ್ದು ಬೇರೆಯೇ ಮಾತು.

‘ಅದೆಲ್ಲ ಇರ್ಲಿ ಕಣಮ್ಮ. ಈ ಅಚ್ಚು ಮುಕ್ಕಾಗಿದ್ದು ಹೆಂಗೆ?’

ನನಗೆ ಇವತ್ತಿಗೂ ಆ ಧ್ವನಿ ಕೇಳಿಸುತ್ತದೆ, ಇವತ್ತಿಗೂ ಹಲ್ಲು ಕಡಿಯುವಂತಾಗುತ್ತದೆ. ಕಳವಿನ ಮಾತು ಅಲ್ಲಿಗೇ ಮುಗಿಯಿತು. ಮಧ್ಯಾಹ್ನವೆಲ್ಲ ನಡೆದದ್ದು ಅಕ್ಕ ಅಚ್ಚು ಎಸೆದದ್ದರ ವಿಚಾರಣೆ. ಹೆಂಗಸಾಗಿ ಎಸೆಯಬಹುದೇ, ಬೀದಿಗೆ ಕೇಡಾಗದೇ, ಗಿರಣಿ ಬಟ್ಟೆ ಬಂದದ್ದೂ ಆ ದೋಷಕ್ಕೇ ಇರಬಹುದಲ್ಲವೇ... ಸಾಹುಕಾರನ ಹೆಸರು ಒಬ್ಬನ ಬಾಯಲ್ಲೂ ಬರಲಿಲ್ಲ. ಅವನು ಬಿಳಿ ಬಟ್ಟೆ ನಿಲ್ಲಿಸಿದರೆ ಏನು ಗತಿ ಎಂಬ ಪುಕ್ಕಲುತನ ಅದು. ಹಾಗೆಂದು ಹೇಳಿದ್ದರೆ ನಾನು ಅರ್ಧವಾದರೂ ಕ್ಷಮಿಸುತ್ತಿದ್ದೆ. ಧರ್ಮದ ಮಾತಾಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಕ್ಕ ಕಾಯಿ ಒಡೆದು ಅಚ್ಚಿನ ಮುಂದೆ ತಪ್ಪೊಪ್ಪಿಕೊಳ್ಳಬೇಕು, ಇನ್ನು ಮುಂದೆ ಬೀದಿಯ ಎಲ್ಲ ಮಡಿಲಚ್ಚೂ ಯಜಮಾನರ ಪೆಟ್ಟಿಗೆಯಲ್ಲಿರಬೇಕು ಎಂದು ತೀರ್ಪಾಯಿತು. ಕಾರಣ: ‘ಹೆಂಗಸ್ರ ಕೈಲಿ ಅಚ್ಚಿದ್ರೆ ಎಸೀತಾರೆ.’

‘ನನ್ನ ಕೇಳಿದ್ರಾ?’ ಅಂದಳು ಅಕ್ಕ. ಅವಳ ಗಂಡನೂ ನೆಲ ನೋಡುತ್ತ ಕೂತಿದ್ದ.

ಮಾರನೆಯ ಬೆಳಿಗ್ಗೆ ಅವಳು ನಮ್ಮ ಹಿತ್ತಿಲ ಬಾಗಿಲಿಗೆ ಬಂದಳು. ‘ಏ ಹುಡ್ಗಿ, ಒಂದ್ ಚೊಂಬು ಕಪ್ಪು ಹಿಡ್ಕಂಡ್ ಬಾರೇ. ಬೀರೂರಿಗ್ ಹೋಗನ.’ ನಾನು ರುಬ್ಬುವುದನ್ನು ಅಲ್ಲಿಗೇ ಬಿಟ್ಟು ಹೊರಟೆ. ರೈಲಿನಲ್ಲಿ ಚೊಂಬು ತೊಡೆಯ ನಡುವೆ ಇಟ್ಟುಕೊಂಡು ಕೂತಿದ್ದೆ. ಎದುರಿಗಿದ್ದವರು ವಾಸನೆಗೆ ಎದ್ದು ಬೇರೆ ಕಡೆ ಹೋದರು.

ಸಾಹುಕಾರ ಅಂಗಡಿಯಲ್ಲಿ ಹಾಲಿನಂಥ ಬಿಳಿ ಗಾದಿಯ ಮೇಲೆ ಒರಗಿದ್ದ. ಗಿರಾಕಿಗಳು ತುಂಬಿದ್ದರು.

‘ಏನ್ ತೋರಿಸ್ಲಮ್ಮ?’ ಅಂದ.

‘ನಾನೇ ತೋರ್ಸಕ್ ಬಂದೀನಿ ಸಾವ್ಕಾರ್ರೇ,’ ಅಂದಳು ಅಕ್ಕ. ಮಡಿಲಿನಿಂದ ಅಚ್ಚು ತೆಗೆದು, ನನ್ನ ಚೊಂಬಿನಿಂದ ಒಂದು ಚಿಂದಿಗೆ ಕಪ್ಪು ಸುರಿದು, ಅಚ್ಚು ತಾಗಿಸಿ, ಅವನ ಮೊಣಕಾಲಿನ ಪಕ್ಕದಲ್ಲೇ ಗಾದಿಗೆ ಒತ್ತಿ ಗುದ್ದಿದಳು. ಅವನು ಸರಿದ. ಸರಿದ ಜಾಗಕ್ಕೂ ಒತ್ತಿದಳು. ‘ಇದು ನಮ್ಮಪ್ಪ ಕೆತ್ತಿದ್ದು. ಈ ಮುಕ್ಕು ನಾನ್ ಮಾಡಿದ್ದು. ನಿಮ್ ಗಿರಣಿ ಬಟ್ಟೆ ಇಲ್ಲಿಟ್ ನೋಡಿ. ನನ್ನ ಕೇಳಿದ್ರಾ?’ ಒಂದೊಂದು ಮಾತಿಗೂ ಒಂದು ಗುದ್ದು. ಗಿರಾಕಿಗಳಲ್ಲಿ ಒಬ್ಬಾಕೆ ನಿಜವಾಗಿಯೂ ಗಿರಣಿ ಬಟ್ಟೆ ತಂದು ಗಾದಿಯ ಮೇಲಿಟ್ಟು ನೋಡಿ, ‘ಹೂಂ ಕಣ್ರೀ, ಅದೇಯ!’ ಅಂದಳು.

ಗಾದಿಯ ಬಟ್ಟೆ ಅಳಲೆಕಾಯಿ ಕಂಡದ್ದಲ್ಲ, ಆದ್ದರಿಂದ ಹೂವು ಕಪ್ಪಾಗಲಿಲ್ಲ, ತುಕ್ಕಿನ ಬಣ್ಣಕ್ಕೆ ತಿರುಗಿತು. ಕಬ್ಬಿಣದ ತುಕ್ಕು ಯಾವ ಸಾಬೂನಿಗೂ ಬಗ್ಗುವುದಿಲ್ಲ. ಸಾಹುಕಾರ ಕೂಗಾಡಲಿಲ್ಲ, ನಕ್ಕ. ‘ನಿಮ್ಮ ಮನೆ ಗಂಡಸೇ ಕೊಟ್ಟಿದ್ದಲ್ವೇನಮ್ಮ. ಇನ್ನು ಯಾರನ್ನ ಕೇಳ್ಬೇಕಿತ್ತು?’ ಅಂದ.

ಮಧ್ಯಾಹ್ನ ನಾವು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ನಮ್ಮ ಬೀದಿಯ ಗಂಡಸರು ಒಗೆದ ಪಂಚೆಯುಟ್ಟು, ತಟ್ಟೆಯಲ್ಲಿ ಎಲೆಯಡಿಕೆ ಕಾಯಿ ಇಟ್ಟುಕೊಂಡು ಬೀರೂರಿಗೆ ಹೊರಟಿದ್ದರು. ಮುಂದೆ ನಮ್ಮ ಮಾವ, ಹಿಂದೆ ನನ್ನ ಗಂಡ, ಅವನ ಹಿಂದೆ ಅಕ್ಕನ ಗಂಡ. ಕಳ್ಳನ ಕ್ಷಮೆ ಕೇಳಲು ಕಳಕೊಂಡವರ ಮೆರವಣಿಗೆ! ‘ಹೆಂಗಸಿನ ಬುದ್ಧಿ, ಹೊಟ್ಟೆಗೆ ಹಾಕ್ಕಳಿ’ ಅಂದರಂತೆ. ಸಂಜೆ ಬಂದವರೇ ಮನೆಮನೆಗೆ ಹೋಗಿ ಮಡಿಲಚ್ಚು ಕೂಡಿಸಿದರು. ನನ್ನ ಮಾವಿನಕಾಯಿಯೂ ಹೋಯಿತು. ‘ನನ್ನ ಕೇಳಿದ್ರಾ ಮಾವಾ?’ ಅಂದೆ. ಅತ್ತೆ ನನ್ನ ರಟ್ಟೆ ಹಿಡಿದು ಒಳಗೆಳೆದುಕೊಂಡರು. ಮಾವನವರು ಪೆಟ್ಟಿಗೆಗೆ ಬೀಗ ಹಾಕಿದರು.

ಅಕ್ಕ ಮಾತ್ರ ಕೊಡಲಿಲ್ಲ. ಅಚ್ಚನ್ನು ಮಡಿಲಿಗೆ ಕಟ್ಟಿಕೊಂಡು, ಬಂದ ಹಾಗೆಯೇ ತರೀಕೆರೆಗೆ ಹೊರಟುಹೋದಳು. ಗಂಡ ಒಮ್ಮೆ ಕರೆಯಲು ಹೋಗಿದ್ದನಂತೆ. ‘ಬತ್ತೀನಿ. ಅಚ್ಚು ಯಾರ್ ಹತ್ರ ಇರುತ್ತೆ, ಅದ್ನ ಹೇಳು’ ಅಂದಳಂತೆ. ಅವನು ಕಾಫಿ ಕುಡಿದು ಮುಂದಿನ ರೈಲಿಗೆ ವಾಪಸ್ಸು ಬಂದ. ಅಷ್ಟು ಕಾಪಾಡಿದ ಬೀದಿಯಾದರೂ ಉಳಿಯಿತೇ? ಗಿರಣಿ ಬಟ್ಟೆಯ ಮುಂದೆ ಕೆಲವೇ ವರ್ಷಗಳಲ್ಲಿ ಎಲ್ಲರೂ ಕೈತೊಳೆದುಕೊಂಡರು. ಮೈದುನ ಅದೇ ಸಾಹುಕಾರನ ಅಂಗಡಿಯಲ್ಲಿ ಬಟ್ಟೆ ಅಳೆಯಲು ನಿಂತ.

ಕೊನೆಯ ಸಲ ನಾನು ಅವಳನ್ನು ನೋಡಿದ್ದು ತರೀಕೆರೆಯ ಒಂದು ಮದುವೆಯಲ್ಲಿ. ಹೂವೇ ಇಲ್ಲದ ಸಾದಾ ಸೀರೆ ಉಟ್ಟಿದ್ದಳು. ಪಂಕ್ತಿಯಲ್ಲಿ ಪಕ್ಕಕ್ಕೆ ಬಂದು ಕೂತು ಕಿವಿಯಲ್ಲಿ ಕೇಳಿದಳು, ‘ಆ ಗಾದಿ ಏನ್ ಮಾಡಿದ್ನೇ?’

‘ತಿರುಗ್ಸಿ ಹಾಕ್ಕಂಡವ್ನಂತೆ ಅಕ್ಕ, ಹೂವು ಕೆಳಗೆ ಮಾಡಿ.’

‘ಹಂಗಾರೆ ಅದ್ರ ಮೇಲೇ ಕೂತವ್ನೆ ಅನ್ನು!’ ಎಂದು ಎಲೆಯ ಮುಂದೆ ಕೂತವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳು ಹೋದ ಸುದ್ದಿ ನನಗೆ ತಿಳಿದದ್ದು ತಿಥಿಯೆಲ್ಲ ಮುಗಿದ ಮೇಲೆ. ಅಚ್ಚು ಏನಾಯಿತೋ... ಅವಳ ತಮ್ಮನ ಮನೆಯವರನ್ನು ಕೇಳಲಿಲ್ಲ. ಕೇಳಿದ್ದರೆ ಜಗಳವಾಗುತ್ತಿತ್ತು.

ಆ ಗಿರಣಿಯಿಂದ ಇನ್ನಾವ ಗಿರಣಿ ಕದ್ದಿತೋ, ಈ ಹಾಸಿನ ಮೇಲಕ್ಕೆ ಆ ಹೂವು ಎಲ್ಲೆಲ್ಲಿ ಸುತ್ತಿ ಬಂತೋ. ಅಕ್ಕನಿಲ್ಲ, ಅಚ್ಚಿಲ್ಲ, ಬೀದಿಯಿಲ್ಲ. ಉಳಿದದ್ದು ಕಳ್ಳಮಾಲು ಒಂದೇ. ಮೊಮ್ಮಗಳೂ ಬಗ್ಗಿ ನೋಡಿದಳು. ‘ಅಯ್ಯೋ, ಡಿಫೆಕ್ಟ್ ಪೀಸು ಅಜ್ಜಿ. ನಾಳೆ ವಾಪಸ್ ಕೊಟ್ಟು ಬತ್ತೀನಿ,’ ಎಂದು ಮಡಿಸತೊಡಗಿದಳು.

‘ಮುಟ್ಬೇಡ ಅದನ್ನ,’ ಎಂದು ಗದರಿದೆ. ಅವಳು ಬೆಚ್ಚಿದಳು. ಕೂರಿಸಿಕೊಂಡು ಎಲ್ಲ ಹೇಳಿದೆ. ಅವಳ ಬೆರಳು ಹಿಡಿದು ಆ ಅರ್ಧ ಎಸಳಿನ ಮೇಲಿಟ್ಟೆ. ‘ಇದರಲ್ಲಿ ಹೂವು ಅವಳಪ್ಪಂದು, ಬಟ್ಟೆ ಗಿರಣೀದು. ಈ ಮುಕ್ಕೊಂದು ಅವಳದು.’

ಹುಡುಗಿ ಅರ್ಧ ಮಡಿಸಿದ್ದ ಹಾಸನ್ನು ಮತ್ತೆ ಬಿಚ್ಚಿ ಹರವಿದಳು. ಆಮೇಲೆ, ‘ಹಾಗಾದ್ರೆ ಇದನ್ನ ನಾವು ಇಟ್ಕೋಬಹುದಾ ಅಜ್ಜಿ?’ ಅಂದಳು.

ಆ ಹೂವನ್ನು ಕೇಳಿ ಇಟ್ಟುಕೊಳ್ಳಬೇಕು ಎಂದು ಇಷ್ಟು ವರ್ಷಗಳಲ್ಲಿ ಒಬ್ಬರಿಗೆ ಅನ್ನಿಸಿತು. ನನ್ನನ್ನು ಕೇಳಿದಳು. ನಾನೇನು ಹೇಳಲಿ, ಹೇಳಬೇಕಾದವಳು ಇಲ್ಲ.